ಮಿತ್ರನ ಕಥೆಯೋ, ಮಿತ್ರಾಳ ಕಥೆಯೋ?

ವಿಜಯ ತೆಂಡೂಲ್ಕರರ ‘ಮಿತ್ರಾಚೀ ಗೋಷ್ಟ’ ಎಂಬ ಮರಾಠಿ ನಾಟಕವು 1981ರಲ್ಲಿ ರಂಗವನ್ನೇರಿತು. ಹೆಣ್ಣೊಬ್ಬಳು ಹೆಣ್ಣನ್ನು ಪ್ರೀತಿಸುವ ವಿಷಯವನ್ನು ಕಥೆಯ ನಡುವಿಗೇ ತಂದಿರಿಸಿದ ಭಾರತೀಯ ನಾಟಕಗಳಲ್ಲಿ ಇದು ಮೊದಮೊದಲಿನವುಗಳ ಸಾಲಿಗೆ ಸೇರುತ್ತದೆ. ಇದರ ಹೆಸರನ್ನು ಕನ್ನಡಿಸಲು ತೊಡಗಿದವರು ಮೊದಲ ಪದದಲ್ಲಿಯೇ ತಡೆದು ನಿಲ್ಲಬೇಕಾಗುತ್ತದೆ. ‘ಗೋಷ್ಟ’ ಎಂದರೆ ಕಥೆ; ಅದು ಸುಲಭ. ‘ಮಿತ್ರಾಚೀ’ ಎಂಬುದು ಮಾತ್ರ ಎರಡು ಬಗೆಯಾಗಿ ಒಡೆಯುತ್ತದೆ. ಗೆಳೆಯನೆಂಬ ಅರ್ಥದ ‘ಮಿತ್ರ’ ಶಬ್ದಕ್ಕೆ ಮರಾಠಿಯ ಷಷ್ಠೀ ಪ್ರತ್ಯಯ ಸೇರಿದರೆ ‘ಮಿತ್ರಾಚೀ’ ಎಂದಾಗುತ್ತದೆ. ನಾಟಕದ ನಾಯಿಕೆಯ ಹೆಸರು ಸುಮಿತ್ರಾ. ಬಳಕೆಯ ಹೆಸರು ಮಿತ್ರಾ. ಆ ಹೆಸರಿಗೆ ಅದೇ ಪ್ರತ್ಯಯ ಸೇರಿದರೂ ರೂಪವು ‘ಮಿತ್ರಾಚೀ’ ಎಂದೇ ಉಳಿಯುತ್ತದೆ. ಗೆಳೆಯನ ಕಥೆ, ಮಿತ್ರಾ ಎಂಬವಳ ಕಥೆ, ಎರಡೂ ಒಂದೇ ಪದದೊಳಗೆ ಅಡಗಿವೆ.

ಕನ್ನಡದ ವಿಭಕ್ತಿಯು ಈ ಗುಟ್ಟನ್ನು ಕಾಪಾಡುವುದಿಲ್ಲ. ‘ಮಿತ್ರನ’ ಎಂದೊಡನೆ ಗಂಡು. ‘ಮಿತ್ರೆಯ’, ‘ಮಿತ್ರಾಳ’ ಎಂದೊಡನೆ ಹೆಣ್ಣು. ಮರಾಠಿಯಲ್ಲಿ ಜಡವಸ್ತುಗಳಿಗೂ ಪುಲ್ಲಿಂಗ ಸ್ತ್ರೀಲಿಂಗಗಳುಂಟು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸಿ ನಡೆಯುತ್ತದೆ. ಸಂಸ್ಕೃತದಲ್ಲಿಯಾದರೋ ಸ್ನೇಹಿತನೆಂಬ ಅರ್ಥದ ‘ಮಿತ್ರಂ’ ನಪುಂಸಕಲಿಂಗದ್ದು. ಅದು ಪುಲ್ಲಿಂಗವಾದರೆ ಸೂರ್ಯನೆಂದು ಅರ್ಥ. ಕನ್ನಡಕ್ಕೆ ಬಂದು ಆ ನಪುಂಸಕ ಶಬ್ದವು ‘ಮಿತ್ರನು’ ಎಂದು ಗಂಡಾಯಿತು. ಗೌರಿ ರಾಮನಾರಾಯಣ್ ಅವರ ಇಂಗ್ಲಿಷ್ ಅನುವಾದವು ‘ಎ ಫ್ರೆಂಡ್ಸ್ ಸ್ಟೋರಿ’ ಎಂಬ ಹೆಸರನ್ನು ಇಟ್ಟುಕೊಂಡು ಲಿಂಗದ ಸಂದಿಗ್ಧತೆಯನ್ನು ಉಳಿಸಿಕೊಂಡಿದೆ. ಆದರೆ ಅಲ್ಲಿ ನಾಯಿಕೆಯ ಹೆಸರು ಕಳೆದುಹೋಗಿದೆ.

ನಾಟಕವು ನಡೆಯುವುದು ಸ್ವಾತಂತ್ರ್ಯಪೂರ್ವದ ಒಂದು ಕಾಲೇಜಿನ ಆವರಣದಲ್ಲಿ. ಬಾಪೂ ಎಂಬ ಅಳುಕಿನ ಸ್ವಭಾವದ ವಿದ್ಯಾರ್ಥಿಗೆ ಮಿತ್ರಾಳ ಪರಿಚಯವಾಗುತ್ತದೆ. ಅವಳು ದಿಟ್ಟೆ, ಮಾತಿನಲ್ಲಿ ನೇರ. ತನಗೆ ಗಂಡಿನ ವಿಷಯದಲ್ಲಿ ಒಲವು ಹುಟ್ಟದೆಂಬ ಸತ್ಯವನ್ನು ಅವಳು ಹೇಳಿಕೊಳ್ಳುವುದು ಬಾಪೂವಿನೆದುರು ಮಾತ್ರ. ಕಾಲೇಜಿನ ನಾಟಕವೊಂದರಲ್ಲಿ ಮಿತ್ರಾ ಪುರುಷ ಪಾತ್ರವನ್ನು ವಹಿಸುತ್ತಾಳೆ. ಎದುರು ಪಾತ್ರದಲ್ಲಿದ್ದ ನಮಾ ಎಂಬವಳ ಮೇಲೆ ಅವಳಿಗೆ ಪ್ರೇಮ ಉಂಟಾಗುತ್ತದೆ. ನಮಾಳ ಮೇಲೆ ಹಕ್ಕು ಸಾಧಿಸುವ ಮಾನ್ಯಾ ದಳವಿ ಎಂಬ ಪುಂಡನು ಬೆದರಿಕೆಗೆ ಇಳಿಯುತ್ತಾನೆ. ನಮಾ ಸಂಬಂಧದಿಂದ ಜಾರಿಕೊಳ್ಳುತ್ತಾಳೆ. ಕೊನೆಗೆ ಬಾಪೂವೂ ದೂರ ಸರಿಯುತ್ತಾನೆ. ಮಿತ್ರಾ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ.

ಸಾಂಗಲಿ, ಮಿರಜಗಳ ರಂಗಪರಂಪರೆಯನ್ನು ಬದಿಯಲ್ಲಿಟ್ಟು ನೋಡಿದರೆ ಈ ಕಥಾಸಾರದಲ್ಲಿ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಹೊನ್ನಾವರದ ಬಳಿಯ ಕರ್ಕಿಯ ಭಾಗವತರ ಮೇಳವು ಸಾಂಗಲಿ ಸಂಸ್ಥಾನದ ಚಿಂತಾಮಣರಾವ್ ಪಟವರ್ಧನರ ಎದುರು ಆಡಿದ ಆಟದಿಂದ ಸ್ಫೂರ್ತಿ ಪಡೆದು ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದರು. ಮರಾಠಿ ರಂಗಭೂಮಿಯ ಹುಟ್ಟಿನಲ್ಲಿ ಕನ್ನಡದ ಯಕ್ಷಗಾನದ ಪಾಲು ಇಷ್ಟು ನೇರವಾದುದು. ಸೀತೆಯಾದವರು ಅಲ್ಲಿ ಗಂಡಸರೇ. 1905ರಲ್ಲಿ ಮಿರಜದಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿಯ ಶಕುಂತಲೆಯಾಗಿ ಬಾಲಗಂಧರ್ವರು ಕಾಣಿಸಿಕೊಂಡರು. ಮುಂದೆ ಕುಲೀನ ಮನೆತನಗಳ ಹೆಂಗಸರು ಅವರ ಸೀರೆಯ ನಿರಿಗೆಯನ್ನೂ ಹೆರಳನ್ನೂ ನೋಡಿ ಅನುಕರಿಸಿದರು. ಗಂಡೊಬ್ಬನು ಹೆಣ್ಣಾಗಿ ಮತ್ತೊಬ್ಬ ಗಂಡಿಗೆ ಒಲಿಯುವುದನ್ನು ಈ ಸೀಮೆಯ ಪ್ರೇಕ್ಷಕರು ಅರ್ಧ ಶತಮಾನಕ್ಕೂ ಮಿಕ್ಕಿ ಕಣ್ತುಂಬ ನೋಡಿದ್ದರು. ಅದು ವೇಷ, ಆಟ ಮುಗಿದೊಡನೆ ಕಳಚುವುದು ಎಂಬ ಭರವಸೆ ಅವರಿಗಿತ್ತು. ತೆಂಡೂಲ್ಕರರು ಆ ಭರವಸೆಯನ್ನೇ ಮುರಿಯುತ್ತಾರೆ. ಮಿತ್ರಾ ಗಂಡಿನ ವೇಷವನ್ನು ಕಳಚಿದ ಮೇಲೂ ಅವಳ ಪ್ರೇಮ ಕಳಚುವುದಿಲ್ಲ.

ಮೊದಲ ಪ್ರಯೋಗದಲ್ಲಿ ಮಿತ್ರಾ ಆದವರು ರೋಹಿಣಿ ಹಟ್ಟಂಗಡಿ. ಭಾವೆಯವರ ಹೆಸರಿನಲ್ಲಿ ಸಾಂಗಲಿಯು ಕೊಡುವ ಗೌರವಪದಕವು ಮುಂದೊಂದು ಕಾಲಕ್ಕೆ ಅವರಿಗೂ ಸಂದಿತು.

ಇಷ್ಟಾದರೂ ಮಿತ್ರಾಳ ಕಥೆಯನ್ನು ಹೇಳುವವಳು ಮಿತ್ರಾ ಅಲ್ಲ. ನಿರೂಪಕನು ಬಾಪೂ. ಅವಳ ದುಃಖವು ಅವನ ಮರುಕದ ಮೂಲಕ ಸೋಸಿ ಬರುತ್ತದೆ. ಅವನಿಗೆ ತಿಳಿಯದಿದ್ದುದು ಪ್ರೇಕ್ಷಕನಿಗೂ ತಿಳಿಯದು. ನಮಾಳ ಮನಸ್ಸಿನಲ್ಲಿ ಇದ್ದುದು ಭಯವೋ ಪ್ರೇಮವೋ ಕುತೂಹಲವೋ ಎಂಬುದು ಕೊನೆಗೂ ಮಬ್ಬಾಗಿಯೇ ಉಳಿಯುತ್ತದೆ. ಇದನ್ನು ನಾಟಕದ ದೋಷವೆಂದು ತಳ್ಳಿಹಾಕುವುದು ಆತುರದ ಮಾತಾದೀತು. ಸ್ನೇಹಿತನೆನಿಸಿಕೊಂಡವನ ಸಹಾನುಭೂತಿ ಎಲ್ಲಿಯವರೆಗೆ ನಡೆದು ಎಲ್ಲಿ ಸೋಲುತ್ತದೆ ಎಂಬುದೇ ತೆಂಡೂಲ್ಕರರ ಶೋಧನೆ ಇರಬಹುದು. ಶೀರ್ಷಿಕೆಯ ಎರಡನೆಯ ಅರ್ಥ ಅಲ್ಲಿ ಸಾರ್ಥಕವಾಗುತ್ತದೆ. ಆದರೂ ಒಂದು ಕೊರತೆಯನ್ನು ಕಾಣದೆ ಇರಲಾಗದು: ಮಿತ್ರಾಳಿಗೆ ಒಬ್ಬ ಗೆಳತಿಯೂ ಇಲ್ಲ. ಪ್ರೇಯಸಿ ಇದ್ದಾಳೆ, ಗೆಳೆಯನಿದ್ದಾನೆ, ಶತ್ರುವಿದ್ದಾನೆ. ತನ್ನಂಥವಳೇ ಆದ ಇನ್ನೊಬ್ಬಳ ಎದುರು ಕುಳಿತು ನಗುವ, ದೂರುವ, ಜಗಳಾಡುವ ಅವಕಾಶ ಅವಳ ಪಾಲಿಗೆ ಬರುವುದೇ ಇಲ್ಲ. ಮರುವರ್ಷ ತೆಂಡೂಲ್ಕರರು ಚಿತ್ರಕಥೆ ಬರೆದ ‘ಉಂಬರಠಾ’ ಚಿತ್ರದಲ್ಲಿಯೂ ಇಂಥ ಇಬ್ಬರು ಸ್ತ್ರೀಯರು ಬರುತ್ತಾರೆ. ಅವರಿರುವುದು ಮಹಿಳಾಶ್ರಮದ ಗೋಡೆಗಳೊಳಗೆ, ಇತರರ ಕಣ್ಗಾವಲಿನಲ್ಲಿ.

ಕನ್ನಡ ಕಾವ್ಯದ ವಿದ್ಯಾರ್ಥಿಗಳಿಗೆ ಈ ಒಂಟಿತನದ ಹಿನ್ನೆಲೆ ಅಪರಿಚಿತವಲ್ಲ. ಪ್ರೌಢಕಾವ್ಯಗಳಲ್ಲಿ ಸಖಿಯರಿಗೆ ಕೊರತೆಯಿಲ್ಲ. ಅವರಿಗೆ ತಮ್ಮದೇ ಆದ ಬಯಕೆ ಮಾತ್ರ ಇಲ್ಲ. ನೇಮಿಚಂದ್ರನ ‘ಲೀಲಾವತಿ’ಯಲ್ಲಿ ಕಂದರ್ಪದೇವನು ಕನಸಿನಲ್ಲಿ ಕಂಡವಳನ್ನು ಅರಸಿ ಹೊರಟಾಗ ಮಕರಂದನು ಜೊತೆಗಾರನಾಗಿ ನಡೆಯುತ್ತಾನೆ, ಗೆಳೆಯನಿಗೆ ಹೆಸರೂ ದಾರಿಯೂ ಇವೆ. ಕಾವ್ಯಪರಂಪರೆಯ ಕೆಳದಿಯರ ಕೆಲಸವಾದರೋ ವಿರಹಿಣಿಗೆ ಶೈತ್ಯೋಪಚಾರ ಮಾಡುವುದು, ಓಲೆ ಒಯ್ಯುವುದು, ಸಮಾಗಮದ ಹೊತ್ತಿಗೆ ಮರೆಯಾಗುವುದು. ಹೆಣ್ಣಿನ ಸ್ನೇಹವು ಗಂಡಿನ ಪ್ರೇಮಕ್ಕೆ ಸೇತುವೆಯಾಗಿದ್ದಷ್ಟು ಕಾಲ ಕಾವ್ಯದಲ್ಲಿ ಅದಕ್ಕೆ ಎಡೆಯುಂಟು.

ಅಮೆರಿಕದ ಷೋಟೈಮ್ ವಾಹಿನಿಯಲ್ಲಿ 2004ರಿಂದ 2009ರವರೆಗೆ ಬಂದ ‘ದಿ ಎಲ್ ವರ್ಡ್’ ಧಾರಾವಾಹಿಯನ್ನು ಈ ನಾಟಕದ ಪಕ್ಕದಲ್ಲಿ ಇಡಬೇಕಾದುದು ಇದೇ ಕಾರಣಕ್ಕೆ. ಲಾಸ್ ಏಂಜಲಿಸ್‌ನಲ್ಲಿ ನೆಲೆಸಿದ ಸಲಿಂಗಪ್ರೇಮಿ ಗೆಳತಿಯರ ಬಳಗವೊಂದು ಅದರ ವಸ್ತು. ಹಣವಂತರ, ರೂಪವತಿಯರ ಲೋಕವನ್ನೇ ಅದು ಹೆಚ್ಚಾಗಿ ತೋರಿಸಿತೆಂಬ ಆಕ್ಷೇಪವುಂಟು, ಅದು ನಿಜವೂ ಹೌದು. ಆದರೆ ಅಲ್ಲಿ ಒಂದು ಕಾಫಿಯಂಗಡಿಯಿದೆ. ಗೆಳತಿಯರು ಅಲ್ಲಿ ಕೂಡುತ್ತಾರೆ. ಆಲಿಸ್ ಎಂಬವಳು ಯಾರಿಗೆ ಯಾರೊಡನೆ ನಂಟು ಇತ್ತೆಂಬುದನ್ನು ಗೆರೆ ಎಳೆದು ಜಾಲದಂತೆ ಬರೆದಿಡುತ್ತಾಳೆ. ಹರಟೆಯ ವಿನೋದವೆಂದು ತೋರುವ ಆ ಚಿತ್ರ ತಾವು ಎಷ್ಟು ಜನರಿದ್ದೇವೆ ಎಂಬ ಲೆಕ್ಕವೂ ಹೌದು. ಡೇನಾ ಎಂಬವಳು ಮೂರನೆಯ ಭಾಗದಲ್ಲಿ ಸ್ತನದ ಕ್ಯಾನ್ಸರಿನಿಂದ ಸಾಯುತ್ತಾಳೆ; ಅವಳಿಗಾಗಿ ಅಳಲು ಒಂದು ಬಳಗವಿದೆ. ಮಿತ್ರಾಳ ಸಾವನ್ನು ಹೊತ್ತು ನಿಂತವನು ಬಾಪೂ ಒಬ್ಬನೇ, ಅದೂ ಅಪರಾಧಿಭಾವದಿಂದ.

ನಡುವಿನ ವರ್ಷಗಳಲ್ಲಿ ಭಾರತದಲ್ಲಿ ನಡೆದುದನ್ನೂ ನೆನೆಯಬೇಕು. ದೀಪಾ ಮೆಹ್ತಾ ಅವರ ‘ಫೈರ್’ ಚಿತ್ರ ತೆರೆಕಂಡಾಗ, 1998ರ ಡಿಸೆಂಬರಿನಲ್ಲಿ, ಮುಂಬಯಿ, ದೆಹಲಿಗಳ ಚಿತ್ರಮಂದಿರಗಳ ಮೇಲೆ ದಾಳಿಗಳಾದವು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. ಮಿತ್ರಾಳನ್ನು ಬಲಿ ತೆಗೆದುಕೊಂಡುದು ಕಾನೂನಿನ ಕಲಮಲ್ಲ. ಹಾಸ್ಟೆಲು, ಕಾಲೇಜು, ಊರಿನ ಬಾಯಿ. ಅವುಗಳ ಮೇಲೆ ತೀರ್ಪಿನ ಪರಿಣಾಮ ನಿಧಾನವಾದುದು.

ಶೀರ್ಷಿಕೆಯ ಪ್ರಶ್ನೆ ಹಾಗೆಯೇ ಉಳಿದಿದೆ. ‘ಮಿತ್ರನ ಕಥೆ’ ಎಂದರೆ ಬಾಪೂ ಮುಂದಾಗಿ ನಾಯಿಕೆ ಮಾಯವಾಗುತ್ತಾಳೆ. ‘ಮಿತ್ರಾಳ ಕಥೆ’ ಎಂದರೆ ಶ್ಲೇಷೆ ಹೋಗುತ್ತದೆ. ಅದರೊಡನೆ, ಈ ಕಥೆ ಅವಳದಾಗಿದ್ದೂ ಅವಳ ಬಾಯಲ್ಲಿಲ್ಲ ಎಂಬ ಸೂಚನೆಯೂ ಹೋಗುತ್ತದೆ. ‘ಗೆಳತಿಯ ಕಥೆ’ ಎಂಬುದು ಕಿವಿಗೆ ಹಿತ, ಆದರೆ ಅದು ಬಾಪೂವಿನ ಮಾತಾಗುತ್ತದೆ. ‘ಮಿತ್ರಾ: ಒಂದು ಕಥೆ’ ಎಂದು ಪ್ರತ್ಯಯವನ್ನೇ ಕೈಬಿಡುವ ದಾರಿಯೂ ಇದೆ, ಆಗ ಕಥೆ ಯಾರದು ಎಂಬುದನ್ನು ಕನ್ನಡದ ವ್ಯಾಕರಣ ಹೇಳಬೇಕಾಗುವುದಿಲ್ಲ. ಅನುವಾದಕ್ಕೆ ತೊಡಗುವ ಮುನ್ನ ವಿದ್ಯಾರ್ಥಿಗಳು ಮೂಲವನ್ನು ಒಮ್ಮೆ ಓದಿ, ಬಾಪೂ ಇಲ್ಲದಿರುವಾಗ ಮಿತ್ರಾ ಮತ್ತು ನಮಾ ಇಬ್ಬರೇ ಮಾತನಾಡುವ ಎಡೆಗಳನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು.