ವೃದ್ಧರ ಶುಶ್ರೂಷೆಯೂ ಸರಕಾರದ ನೀತಿಯೂ

ಹಾಸಿಗೆ ಹಿಡಿದ ವೃದ್ಧರೊಬ್ಬರನ್ನು ಮನೆಯಲ್ಲಿ ನೋಡಿಕೊಳ್ಳಲು ದಿನವೊಂದಕ್ಕೆ ಎಷ್ಟು ಶ್ರಮ ಬೇಕು? ಶರೀರವಿಜ್ಞಾನವು ಇದಕ್ಕೆ ಒಂದು ಅಳತೆಯನ್ನು ಒದಗಿಸುತ್ತದೆ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದವರ ದೇಹಭಾರವೆಲ್ಲ ಬೆನ್ನಿನ ಕೆಳತುದಿ, ಸೊಂಟ, ಹಿಮ್ಮಡಿ ಮೊದಲಾದ ಎಲುಬು ಚಾಚಿದ ಭಾಗಗಳ ಮೇಲೆ ಬೀಳುತ್ತದೆ. ಒತ್ತಡಕ್ಕೆ ಸಿಕ್ಕಿದ ಲೋಮನಾಳಗಳಲ್ಲಿ ರಕ್ತಸಂಚಾರ ನಿಂತು, ಆಮ್ಲಜನಕ ದೊರೆಯದೆ ಜೀವಕೋಶಗಳು ಸಾಯತೊಡಗುತ್ತವೆ. ಹಾಸಿಗೆಹುಣ್ಣು ಹುಟ್ಟುವುದು ಹೀಗೆ. ಇದನ್ನು ತಡೆಯಲು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕೆಂಬುದು ಶುಶ್ರೂಷೆಯಲ್ಲಿ ರೂಢಿಯಾಗಿರುವ ನಿಯಮ. ಎಂದರೆ ದಿನಕ್ಕೆ 12 ಬಾರಿ, ತಿಂಗಳಿಗೆ 360 ಬಾರಿ. ಊಟ, ಸ್ನಾನ, ಔಷಧಗಳ ಲೆಕ್ಕ ಬೇರೆ.

ಈ ಲೆಕ್ಕವನ್ನು ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಂದು ಮನೆಗೆ ಅನ್ವಯಿಸಿ ನೋಡೋಣ. ಇಲ್ಲಿ ಎಷ್ಟೋ ಮನೆಗಳು ತೋಟ ಗದ್ದೆಗಳ ನಡುವೆ ಒಂಟಿಯಾಗಿವೆ. ಓದಿದ ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರು ಸೇರಿದ್ದರೆ, ಉಳಿದವರು ಹಿರಿಯರು ಮತ್ತು ಅವರನ್ನು ನೋಡಿಕೊಳ್ಳುವ ಒಬ್ಬರೋ ಇಬ್ಬರೋ, ಹೆಚ್ಚಾಗಿ ಪತ್ನಿ ಅಥವಾ ಸೊಸೆ. ಅಡಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸುವ ತಿಂಗಳುಗಳಲ್ಲಿ ಆ ಕೆಲಸವೂ ಅವಳಿಗೆ ತಪ್ಪಿದ್ದಲ್ಲ. 2011ರ ಜನಗಣತಿಯಂತೆ ಕರ್ನಾಟಕದ ಜನರಲ್ಲಿ ಶೇಕಡಾ 9.5ರಷ್ಟು ಮಂದಿ 60 ವರ್ಷ ದಾಟಿದವರು. ಭಾರತದ ಸರಾಸರಿ ಶೇಕಡಾ 8.6 ಮಾತ್ರ.

ಇಂತಹ ಮನೆಗೆ ಸರಕಾರದ ನೆರವೇನು? ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯನ್ನು ಕುರಿತ 2007ರ ಅಧಿನಿಯಮವು ಮಕ್ಕಳಿಗೆ ಪೋಷಣೆಯ ಹೊಣೆಯನ್ನು ವಿಧಿಸಿತು. ಉಪೇಕ್ಷೆಗೆ ಒಳಗಾದವರು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ಅರ್ಜಿ ಸಲ್ಲಿಸಬಹುದು. ಸಾಗರ, ಹೊಸನಗರಗಳು ಸಾಗರ ಉಪವಿಭಾಗಕ್ಕೆ ಸೇರಿದರೆ, ತೀರ್ಥಹಳ್ಳಿಯು ಶಿವಮೊಗ್ಗ ಉಪವಿಭಾಗಕ್ಕೆ ಸೇರಿದೆ. ಮೂಲ ಅಧಿನಿಯಮದಂತೆ ಜೀವನಾಂಶವು ತಿಂಗಳಿಗೆ 10,000 ರೂಪಾಯಿ ಮೀರಲಾಗದು. ಅದೇ 2007ರಲ್ಲಿ ರಾಜ್ಯವು 65 ವರ್ಷ ದಾಟಿದ ಬಡವರಿಗಾಗಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ಆರಂಭಿಸಿತು; 2021ರಲ್ಲಿ ಅದರ ಮಾಸಾಶನ 1,000ದಿಂದ 1,200 ರೂಪಾಯಿಗೆ ಏರಿತು.

ಇವೆರಡೂ ಅಗತ್ಯವಾದುವೇ. ಆದರೆ ಒಂದು ಕೊರತೆಯನ್ನು ಗಮನಿಸಬೇಕು. ಅಧಿನಿಯಮವು ಕರ್ತವ್ಯ ತಪ್ಪಿದ ಮಕ್ಕಳನ್ನು ಎಚ್ಚರಿಸುತ್ತದೆ. ಪಿಂಚಣಿಯು ವೃದ್ಧರ ಕೈಗೆ ಹಣ ಕೊಡುತ್ತದೆ. ಕರ್ತವ್ಯವನ್ನು ನೆರವೇರಿಸುತ್ತಲೇ ಬಳಲುತ್ತಿರುವವಳಿಗೆ ಇವುಗಳಿಂದ ದೊರೆಯುವುದು ಅತ್ಯಲ್ಪ. ಅಧಿನಿಯಮವು ಹೇಳುವ ‘ಮಕ್ಕಳು’ ಎಂಬ ಮಾತಿನ ವಿವರಣೆಯಲ್ಲಿ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಇದ್ದಾರೆ, ಸೊಸೆಯ ಹೆಸರಿಲ್ಲ. ಹಾಗಾಗಿ ದಿನಕ್ಕೆ 12 ಬಾರಿ ಮಗ್ಗುಲು ಬದಲಾಯಿಸುವವಳು ಕಾಯಿದೆಯ ಕಣ್ಣಿಗೆ ಬೀಳುವುದಿಲ್ಲ.

ಬೇರೆಡೆ ಈ ಕೊರತೆಯನ್ನು ತುಂಬುವ ಪ್ರಯತ್ನಗಳು ನಡೆದಿವೆ. ಜರ್ಮನಿಯು 1995ರಲ್ಲಿ ಜಾರಿಗೆ ತಂದ ಶುಶ್ರೂಷಾ ವಿಮೆಯಲ್ಲಿ, ಮನೆಯವರೇ ನೋಡಿಕೊಳ್ಳುವುದಾದರೆ ಅದಕ್ಕಾಗಿ ನಗದು ಭತ್ಯವುಂಟು. ಅವರು ವಿಶ್ರಾಂತಿ ಪಡೆಯುವಾಗ ಬದಲಿ ವ್ಯಕ್ತಿಯ ವೆಚ್ಚಕ್ಕೂ ಅವಕಾಶವಿದೆ. ನಮ್ಮ ನೆರೆಯ ಕೇರಳದಲ್ಲಿ, 1993ರಲ್ಲಿ ಕೋಯಿಕ್ಕೋಡಿನಲ್ಲಿ ಆರಂಭವಾದ ಉಪಶಮನ ಚಿಕಿತ್ಸೆಯ ಕಾರ್ಯವು ಬೆಳೆದು, 2008ರಲ್ಲಿ ರಾಜ್ಯದ ನೀತಿಯಾಯಿತು. ಪಂಚಾಯತಿಗಳ ಆಶ್ರಯದಲ್ಲಿ ದಾದಿಯರು ರೋಗಿಯ ಮನೆಗೇ ಹೋಗಿ, ಹುಣ್ಣು ತೊಳೆಯುವ, ಮಗ್ಗುಲು ಬದಲಾಯಿಸುವ ಕ್ರಮವನ್ನು ಮನೆಯವರಿಗೆ ಕಲಿಸುತ್ತಾರೆ. ಕರ್ನಾಟಕವೂ 2024-25ರ ಆಯವ್ಯಯದಲ್ಲಿ, ಪಾರ್ಕಿನ್ಸನ್ ಮೊದಲಾದ ಕೆಲವು ವ್ಯಾಧಿಗಳಿಂದ ನರಳುವವರ ಆರೈಕೆದಾರರಿಗೆ ಮಾಸಿಕ 1,000 ರೂಪಾಯಿ ಕೊಡುವುದಾಗಿ ಪ್ರಕಟಿಸಿತು. ಮೊತ್ತ ಚಿಕ್ಕದಾದರೂ, ಆರೈಕೆ ಮಾಡುವವರನ್ನೇ ಗುರುತಿಸಿದ್ದು ಇದರ ವಿಶೇಷ.

ನೀತಿಯೆಂದರೆ ಹಣವೊಂದೇ ಅಲ್ಲವೆಂಬುದಕ್ಕೆ ಸಾಗರ ತಾಲ್ಲೂಕಿನಲ್ಲೇ ನಿದರ್ಶನವಿದೆ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಿಂದ ಬೇರ್ಪಟ್ಟ ತುಮರಿ ಸೀಮೆಯ ಜನರು ಸಾಗರದ ಆಸ್ಪತ್ರೆಗೆ ಬರಲು ದಶಕಗಳ ಕಾಲ ಲಾಂಚನ್ನು ಕಾಯಬೇಕಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ರಾತ್ರಿಯ ವೇಳೆ ವೃದ್ಧರ ಉಸಿರಾಟ ಕೆಟ್ಟರೆ, ಸುಮಾರು 2.4 ಕಿಲೋಮೀಟರ್ ಉದ್ದದ ಈ ಸೇತುವೆಯೂ ಶುಶ್ರೂಷೆಯ ಸಾಧನವೇ ಆಗುತ್ತದೆ.

ಆದುದರಿಂದ ಮಲೆನಾಡಿನ ಮನೆಗಳಿಗೆ ಬೇಕಾದುದು ಮೂರು: ಮನೆಗೆ ಬಂದು ಕಲಿಸುವ ದಾದಿ, ತಿಂಗಳಿಗೆ ಕೆಲವು ದಿನವಾದರೂ ಬದಲಿ ಸಹಾಯ, ಮಳೆಗಾಲದಲ್ಲೂ ವಾಹನ ಓಡಾಡುವ ದಾರಿ. ವಿದ್ಯಾರ್ಥಿಗಳು ತಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಇಂತಹ ಶುಶ್ರೂಷೆ ನಡೆಯುತ್ತಿದ್ದರೆ, ಒಂದು ದಿನ ಯಾರು ಎಷ್ಟು ಗಂಟೆ ದುಡಿದರೆಂಬುದನ್ನು ಅವರ ಅನುಮತಿ ಪಡೆದು ಬರೆದಿಡಲಿ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿದರೆ, ನೆರವು ಯಾರಿಗೆ, ಯಾವ ಹೊತ್ತಿನಲ್ಲಿ ಬೇಕೆಂಬುದು ಎಲ್ಲರಿಗೂ ಸ್ಪಷ್ಟವಾಗುವುದು.