ಡಾಲರ್ ಲೆಕ್ಕ, ಖರ್ಜೂರದ ಬಾರ್: ತಂಗಿಯ ಮಗಳಿಗೆ ಕಿವಿಮಾತು

ಪುಟ್ಟಿ, ನೀನೂ ಅಳಿಯಂದಿರೂ ಒಂದೇ ಸಲಕ್ಕೆ ಎರಡು ಕೆಲಸಕ್ಕೆ ಕೈಹಾಕಲು ಹೊರಟಿದ್ದೀರಿ. ಅವರಿಗೆ ಕರೆನ್ಸಿ ಟ್ರೇಡಿಂಗ್ ಮಾಡುವ ಮನಸ್ಸು. ನಿನಗೆ ಮನೆಯಲ್ಲೇ ಸಿಹಿ ಬಾರ್ ಬೇಯಿಸಿ ಬಸವೇಶ್ವರನಗರದ ಹತ್ತು ಮನೆಗೆ ಕೊಡುವ ಆಸೆ. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ನೌಕರಿ ಮಾಡಿ ನಿವೃತ್ತಳಾದವಳು ನಾನು, ಓವನ್ ಮುಂದೆ ನಿಲ್ಲುವುದೂ ಹೊಸದಲ್ಲ. ಮೊದಲು ದುಡ್ಡಿನ ಮಾತು ಆಡಿಬಿಡುತ್ತೇನೆ. ಅಳಿಯಂದಿರಿಗೂ ಓದಿ ಹೇಳು.

• ಎಲ್ಲಕ್ಕಿಂತ ಮೊದಲು ಅವರನ್ನು ಕೇಳು: ನಮ್ಮ ಮನೆಯಿಂದ ಡಾಲರಿನಲ್ಲಿ ಕೊಡಬೇಕಾದದ್ದು, ನಮಗೆ ಡಾಲರಿನಲ್ಲಿ ಬರಬೇಕಾದದ್ದು ಏನಾದರೂ ಇದೆಯಾ? ಮಗನ ಕಾಲೇಜು ಫೀಸು, ಆಮದಿನ ಬಿಲ್ಲು, ಹೊರದೇಶದ ಗಿರಾಕಿಯಿಂದ ಬರುವ ಹಣ, ಇಂಥದ್ದು. ಡಾಲರು ಏರಿದರೆ ಇಳಿದರೆ ನಷ್ಟವಾಗುವ ಇಂಥ ವ್ಯವಹಾರ ನಿಜಕ್ಕೂ ಇರುವವರು ಮಾತ್ರ ರೂಪಾಯಿಗೆ ಸಂಬಂಧಿಸಿದ ಕರೆನ್ಸಿ ಫ್ಯೂಚರ್ಸ್, ಆಪ್ಷನ್ಸ್ ಮಾಡಬೇಕು ಎಂದು ರಿಸರ್ವ್ ಬ್ಯಾಂಕ್ 2024ರ ಜನವರಿ 5ರ ಸುತ್ತೋಲೆಯಲ್ಲಿ ಖಚಿತವಾಗಿ ಹೇಳಿತು. ಅದು ಜಾರಿಗೆ ಬಂದದ್ದು ಅದೇ ವರ್ಷ ಮೇ 3ರಿಂದ. 10 ಕೋಟಿ ಡಾಲರ್‌ವರೆಗೆ ಯಾರೂ ಕಾಗದಪತ್ರ ಕೇಳುವುದಿಲ್ಲ, ನಿಜ. ಕೇಳುವುದಿಲ್ಲ ಎಂದ ಮಾತ್ರಕ್ಕೆ ಇಲ್ಲದಿದ್ದರೂ ನಡೆಯುತ್ತದೆ ಎಂದು ತಿಳಿಯಬಾರದು. ವ್ಯವಹಾರ ಇರಲೇಬೇಕು. ಆ ಸುತ್ತೋಲೆ ಬಂದಮೇಲೆ ಎಷ್ಟೋ ಸಣ್ಣ ಟ್ರೇಡರ್‌ಗಳು ಇದ್ದದ್ದನ್ನೆಲ್ಲ ಮುಗಿಸಿಕೊಂಡು ಹೊರಬಂದರು. ನಿಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲದಿದ್ದರೆ ಈ ಆಸೆಯನ್ನು ಇಲ್ಲಿಗೇ ಬಿಡಲಿ. ಕೆಳಗಿನದನ್ನು ತಿಳಿವಳಿಕೆಗೆ ಓದಿಕೊಳ್ಳಲಿ.

• ವ್ಯವಹಾರ ಇದ್ದರೆ ಜಾಗ ಯಾವುದು? ನಮ್ಮ ಬ್ಯಾಂಕು, ಇಲ್ಲವೇ ಎನ್‌ಎಸ್‌ಇ, ಬಿಎಸ್‌ಇ ಥರದ ಮಾನ್ಯತೆ ಪಡೆದ ವಿನಿಮಯ ಕೇಂದ್ರ, ಅದೂ ಸೆಬಿ ನೋಂದಣಿ ಇರುವ ಬ್ರೋಕರ್ ಮೂಲಕ. ಎನ್‌ಎಸ್‌ಇಯಲ್ಲಿ ಡಾಲರ್-ರೂಪಾಯಿ ಫ್ಯೂಚರ್ಸ್ ಶುರುವಾದದ್ದು 2008ರ ಆಗಸ್ಟ್ 29ಕ್ಕೆ. ಯೂರೋ, ಪೌಂಡ್, ಯೆನ್ ಆಮೇಲೆ ಬಂದವು.

• ಫೋನಿನಲ್ಲಿ ಬರುವ ವಿದೇಶಿ ಆ್ಯಪ್‌ಗಳ ಜಾಹೀರಾತು ನೋಡಿ ಹಣ ಹಾಕಬೇಡಿ. ಕ್ರಿಕೆಟ್ ಮ್ಯಾಚಿನ ನಡುವೆ ಬರಲಿ, ಹೆಸರಾಂತ ನಟರ ಮುಖ ಇರಲಿ. ಅನುಮತಿ ಇಲ್ಲದ ಫಾರೆಕ್ಸ್ ತಾಣಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್ 7ರಂದು 34 ಹೆಸರುಗಳೊಂದಿಗೆ ಹೊರಡಿಸಿತು. ಆಮೇಲೆ ಅದು ಬೆಳೆಯುತ್ತಲೇ ಹೋಯಿತು. ಪಟ್ಟಿಯಲ್ಲಿ ಹೆಸರಿಲ್ಲ ಎಂಬುದೇ ಅನುಮತಿ ಅಲ್ಲ ಎಂದೂ ಅದೇ ಬ್ಯಾಂಕ್ ಹೇಳಿದೆ. ಹೊರದೇಶಕ್ಕೆ ಹಣ ಕಳಿಸುವ ಎಲ್‌ಆರ್‌ಎಸ್ ಸೌಲಭ್ಯದಲ್ಲಿ ಟ್ರೇಡಿಂಗ್ ಮಾರ್ಜಿನ್ ಕಳಿಸುವಂತಿಲ್ಲ. ಫೆಮಾ ಕಾಯ್ದೆ ಮುರಿದರೆ ದಂಡ, ತೊಡಗಿಸಿದ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಹೋದ ದುಡ್ಡಿಗೆ ದೂರು ಕೊಡಲು ಹೋದವರೇ ಕಾನೂನಿನ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬರುವುದು ಹೀಗೆ.

• ಟೆಲಿಗ್ರಾಂ ಗುಂಪಿನ ‘ಗುರು’ಗಳ ವರಸೆ ಒಂದೇ. ಮೊದಲು 5,000 ಹಾಕಿಸಿ, 6,000 ವಾಪಸು ಕೊಟ್ಟು ನಂಬಿಕೆ ಹುಟ್ಟಿಸುತ್ತಾರೆ. ಆಮೇಲೆ ಲಕ್ಷ ಹಾಕಿಸಿ, ಅದನ್ನು ತೆಗೆಯಲು ‘ತೆರಿಗೆ’ ಕಟ್ಟಿ ಎನ್ನುತ್ತಾರೆ. ನಿನ್ನ ದುಡ್ಡು ನಿನಗೆ ಕೊಡಲು ಮತ್ತೆ ದುಡ್ಡು ಕೇಳಿದರೆ ಅದು ಮೋಸವೇ, ಎರಡನೇ ಮಾತಿಲ್ಲ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಎಷ್ಟು ಬೇಗ ತಿಳಿಸಿದರೆ ಖಾತೆಯಲ್ಲಿ ಹಣ ತಡೆಹಿಡಿಯುವುದು ಅಷ್ಟು ಸುಲಭ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಹಣ ಹತ್ತು ಖಾತೆ ದಾಟಿಹೋಗಿರುತ್ತದೆ.

• ‘ಒಂದಕ್ಕೆ ಐನೂರು’ ಲಿವರೇಜ್ ಎಂದು ಹೇಳಿಕೊಳ್ಳುತ್ತಾರಲ್ಲ, ಅದನ್ನು ಕಾಗದದ ಮೇಲೆ ಬಿಡಿಸಿ ನೋಡಿ. 10,000 ರೂಪಾಯಿಗೆ 50 ಲಕ್ಷದ ವಹಿವಾಟು. ದರ ನಿಮ್ಮ ವಿರುದ್ಧ ನೂರಕ್ಕೆ 0.2ರಷ್ಟು ಸರಿದರೂ ಅಸಲು ಪೂರ್ತಿ ಹೋಯಿತು. ಡಾಲರು 85 ರೂಪಾಯಿ ಇದ್ದಾಗ ಆ 0.2 ಎಂದರೆ 17 ಪೈಸೆ. ಯಾವ ಸುದ್ದಿಯೂ ಇಲ್ಲದ ದಿನವೂ ಅಷ್ಟು ಅಲುಗಾಟ ಆಗುತ್ತದೆ. ಐರೋಪ್ಯ ಒಕ್ಕೂಟದ ನಿಯಂತ್ರಕರು 2018ರಲ್ಲಿ ಈ ಲಿವರೇಜನ್ನು ಸಣ್ಣ ಗ್ರಾಹಕರಿಗೆ ಮೂವತ್ತು ಪಟ್ಟಿಗೆ ಇಳಿಸಿದರು. ಅಂಥ ಖಾತೆಗಳಲ್ಲಿ ನೂರಕ್ಕೆ 74ರಿಂದ 89 ನಷ್ಟದಲ್ಲೇ ಇರುತ್ತವೆ ಎಂದು ಅವರೇ ಲೆಕ್ಕ ಕೊಟ್ಟಿದ್ದರು. ನಮ್ಮ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಷೇರು ಫ್ಯೂಚರ್ಸ್-ಆಪ್ಷನ್ಸ್ ಬಗ್ಗೆ ಹೇಳಿದ್ದು ಇನ್ನೂ ಕಠಿಣ: ಮೂರು ವರ್ಷದಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದರು. ತಾವು ಉಳಿದ 7 ಮಂದಿಯಲ್ಲಿ ಒಬ್ಬರು ಎಂದು ಮೊದಲ ದಿನವೇ ನಂಬುವುದಕ್ಕೆ ಅಳಿಯಂದಿರ ಬಳಿ ಏನು ಆಧಾರ ಇದೆ ಎಂದು ಕೇಳು. ಸಿಟ್ಟಿನಿಂದಲ್ಲ, ನಿಧಾನವಾಗಿ ಕೇಳು.

• ಎನ್‌ಎಸ್‌ಇಯಲ್ಲಿ ಒಂದು ಲಾಟ್ ಎಂದರೆ 1,000 ಡಾಲರ್. ಹತ್ತು ಪೈಸೆ ಸರಿದರೆ 100 ರೂಪಾಯಿ, ಒಂದು ರೂಪಾಯಿ ಸರಿದರೆ 1,000. ಟ್ರೇಡಿಂಗ್‌ಗೆಂದು 50,000 ತೆಗೆದಿಟ್ಟಿದ್ದರೆ ಒಂದು ಸಲಕ್ಕೆ ಅದರ ನೂರಕ್ಕೆ ಒಂದಕ್ಕಿಂತ ಹೆಚ್ಚು ಕಳೆಯಬಾರದು. ಅಂದರೆ 500 ರೂಪಾಯಿ, ಅಂದರೆ ಒಂದು ಲಾಟಿನಲ್ಲಿ 50 ಪೈಸೆ. ಆ ದರ ಬಂದರೆ ಹೊರಗೆ ಬರುವುದು ಎಂದು ಕೊಳ್ಳುವ ಮೊದಲೇ ಬರೆದಿಡಬೇಕು. ಕೊಂಡಮೇಲೆ ಬರೆದದ್ದು ಲೆಕ್ಕಕ್ಕಿಲ್ಲ.

• ಹಾಗೆ ಬರೆದಿಟ್ಟ ದರಕ್ಕೆ ಸ್ಟಾಪ್ ಲಾಸ್ ಹಾಕಿದ್ದೇವೆ ಎಂದು ಪೂರ್ತಿ ನೆಮ್ಮದಿಯಿಂದ ಮಲಗುವ ಹಾಗೂ ಇಲ್ಲ. 2015ರ ಜನವರಿ 15ರಂದು ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕು, ಒಂದು ಯೂರೋಗೆ 1.20 ಫ್ರಾಂಕ್ ಎಂದು ಮೂರು ವರ್ಷದಿಂದ ಕಾಯ್ದುಕೊಂಡು ಬಂದ ಮಿತಿಯನ್ನು ಮುನ್ಸೂಚನೆ ಇಲ್ಲದೆ ಕೈಬಿಟ್ಟಿತು. ಕೆಲವೇ ನಿಮಿಷದಲ್ಲಿ ಯೂರೋ ಒಂದು ಫ್ರಾಂಕಿಗಿಂತ ಕೆಳಗೆ ಬಿತ್ತು. ಹಾಕಿದ ಸ್ಟಾಪ್ ಲಾಸ್ ದರದಲ್ಲಿ ಕೊಳ್ಳುವವರೇ ಇರಲಿಲ್ಲ. ಜನ ಹಾಕಿದ್ದಕ್ಕಿಂತ ಹೆಚ್ಚು ಕಳೆದುಕೊಂಡರು, ಬ್ರಿಟನ್ನಿನ ಅಲ್ಪಾರಿ ಕಂಪನಿ ದಿವಾಳಿಯಾಯಿತು. ನಮ್ಮಲ್ಲೂ 1991ರ ಜುಲೈ 1 ಮತ್ತು 3ರಂದು ರೂಪಾಯಿಯನ್ನು ಎರಡು ಕಂತಿನಲ್ಲಿ ಇಳಿಸಿದರು, ಯಾರಿಗೂ ಮೊದಲೇ ತಿಳಿಸದೆ. ಸಣ್ಣ ಲಾಟ್ ಇಟ್ಟುಕೊಳ್ಳಿ ಎಂದು ಹಿರಿಯರು ಹೇಳುವುದು ಇಂಥ ದಿನಗಳನ್ನು ನೆನೆದು.

• ಡಾಲರ್-ರೂಪಾಯಿ ಪೇಟೆ ಬೆಳಗ್ಗೆ 9ರಿಂದ ಸಂಜೆ 5ರವರೆಗೆ. ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿ ನಿರ್ಧಾರ ಬರುವುದು ನಮ್ಮ ಮಧ್ಯರಾತ್ರಿಯ ಆಸುಪಾಸಿಗೆ. ಆಗ ಇಲ್ಲಿ ಬಾಗಿಲು ಮುಚ್ಚಿರುತ್ತದೆ, ಬೆಳಗ್ಗೆ ದರ ನೆಗೆದೇ ತೆರೆಯುತ್ತದೆ. ಅಂಥ ರಾತ್ರಿ ಕೈಯಲ್ಲಿ ಏನೂ ಇಟ್ಟುಕೊಳ್ಳಬೇಡಿ. ನಮ್ಮ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಬೆಳಗ್ಗೆ 10ಕ್ಕೆ. ಆ ಹೊತ್ತಿಗೆ ಕಾಫಿ ಕುಡಿದು ಸುಮ್ಮನೆ ನೋಡಿ.

• ಮೂರು ತಿಂಗಳು ಬರೀ ಪುಸ್ತಕದಲ್ಲಿ ಮಾಡಲಿ: ದಿನಾಂಕ, ದರ, ಯಾಕೆ ಕೊಂಡೆ, ಯಾಕೆ ಬಿಟ್ಟೆ. ‘ಯಾಕೆ’ ಎಂಬ ಅಂಕಣ ಖಾಲಿ ಉಳಿದ ದಿನ ನಿಜವಾದ ದುಡ್ಡನ್ನೂ ಹಾಕಬಾರದು. ಸ್ಕೂಲ್ ಫೀಸು, ಒಡವೆ ಸಾಲ, ಅತ್ತೆಯವರ ಔಷಧದ ಹಣ, ಈ ಮೂರಕ್ಕೆ ಕೈ ಹಾಕಬಾರದು ಎಂದು ನಾನು ಬೇರೆ ಹೇಳಬೇಕಾಗಿಲ್ಲ.

ಇನ್ನು ನಿನ್ನ ಕೆಲಸಕ್ಕೆ ಬರೋಣ. ಇದರ ಬಗ್ಗೆ ನನಗೆ ಭರವಸೆ ಇದೆ ಕಣೇ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

• ಓಟಿಜಿಯನ್ನು ಟಿವಿ ಪಕ್ಕದ ಸಣ್ಣ ಪ್ಲಗ್ಗಿಗೆ ಸಿಕ್ಕಿಸಬೇಡ. 2,000 ವ್ಯಾಟ್ ಓವನ್ನು ಎಂಟೂವರೆ ಆಂಪ್‌ಗಿಂತ ಹೆಚ್ಚು ಎಳೆಯುತ್ತದೆ, ಗೀಸರಿಗೆ ಇರುವಂಥ 16 ಆಂಪ್ ಪ್ಲಗ್ ಬೇಕು. ಓವನ್ನಿನ ಗುಂಡಿ ತೋರಿಸುವ ಶಾಖಕ್ಕೂ ಒಳಗಿನ ಶಾಖಕ್ಕೂ ವ್ಯತ್ಯಾಸ ಇರುವುದು ಸಾಮಾನ್ಯ. ಒಳಗಿಡುವ ಒಂದು ಥರ್ಮಾಮೀಟರ್ ತೆಗೆದುಕೋ. ಅಳತೆಗೆ ಲೋಟ ಬೇಡ, ಡಿಜಿಟಲ್ ತಕ್ಕಡಿ ಇಟ್ಟುಕೋ. ಮಾರುವವಳಿಗೆ ಪ್ರತಿ ಟ್ರೇ ಒಂದೇ ಥರ ಬರಬೇಕು.

• ನಮ್ಮ ಕಡೆ ಮೊಟ್ಟೆ ತಿನ್ನದ ಮನೆಗಳು ಬಹಳ, ಅದಕ್ಕೆ ಖರ್ಜೂರದ ಬಾರಿನಿಂದ ಶುರುಮಾಡು. 250 ಗ್ರಾಂ ಬೀಜ ತೆಗೆದ ಖರ್ಜೂರವನ್ನು 150 ಮಿಲಿ ನೀರಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸು. ಸೌಟಿನಲ್ಲಿ ಮಸೆದಾಗ ತಳ ಬಿಟ್ಟು ಬರಬೇಕು. ಒಂದು ಚಮಚ ನಿಂಬೆರಸ ಹಿಂಡಿ ಆರಲು ಬಿಡು. ಓಟ್ಸ್ ಬದಲು ದಪ್ಪ ಅವಲಕ್ಕಿ 100 ಗ್ರಾಂ, ಗರಿಗರಿಯಾಗುವಂತೆ ಹುರಿದು ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸು, ಪುಡಿಯಾಗಬಾರದು, ನುಚ್ಚಾಗಬೇಕು. ಅದಕ್ಕೆ ಗೋಧಿ ಹಿಟ್ಟು 150 ಗ್ರಾಂ, ಜರಡಿ ಹಿಡಿದ ಬೆಲ್ಲದ ಪುಡಿ 100 ಗ್ರಾಂ, ಕಾಲು ಚಮಚ ಸೋಡಾ, ಚಿಟಿಕೆ ಉಪ್ಪು ಬೆರೆಸಿ, ಕರಗಿಸಿದ 120 ಗ್ರಾಂ ಉಪ್ಪಿಲ್ಲದ ಬೆಣ್ಣೆ ಹಾಕಿ ಬೆರಳ ತುದಿಯಲ್ಲಿ ಕಲೆಸು. ಮುಷ್ಟಿ ಹಿಡಿದರೆ ಕೂಡಿಕೊಳ್ಳಬೇಕು, ಬಿಟ್ಟರೆ ಉದುರಬೇಕು.

• 20 ಸೆಂಟಿಮೀಟರಿನ ಚೌಕ ಟಿನ್ನಿಗೆ ಬೇಕಿಂಗ್ ಪೇಪರ್ ಹಾಸು, ಎರಡು ಕಡೆ ಹೊರಗೆ ಚಾಚಿರಲಿ, ಹಿಡಿದು ಎತ್ತಲು. ತೆಳು ಬಟರ್ ಪೇಪರ್ ಬೆಲ್ಲಕ್ಕೆ ಅಂಟಿಕೊಳ್ಳುತ್ತದೆ, ಅದು ಬೇಡ. ಮೂರರಲ್ಲಿ ಎರಡು ಪಾಲು ಮಿಶ್ರಣವನ್ನು ಬಟ್ಟಲಿನ ತಳದಿಂದ ಒತ್ತು, ಮೇಲೆ ಖರ್ಜೂರ ಹರಡು, ಉಳಿದದ್ದನ್ನು ಒತ್ತದೆ ಉದುರಿಸು. ಮೊದಲೇ ಕಾಯಿಸಿದ ಓವನ್ನಿನಲ್ಲಿ 180 ಡಿಗ್ರಿಗೆ 30ರಿಂದ 35 ನಿಮಿಷ. ಬೆಲ್ಲ ಬೇಗ ಕೆಂಪಾಗುತ್ತದೆ, 28ನೇ ನಿಮಿಷದಿಂದ ಅಂಚಿನ ಮೇಲೆ ಕಣ್ಣಿಡು.

• ಬಿಸಿಯಲ್ಲಿ ಕತ್ತರಿಸಬೇಡ. ಟಿನ್ನಿನಲ್ಲೇ ಎರಡು ಗಂಟೆ ಆರಬೇಕು, ಆಮೇಲೆ ಅರ್ಧ ಗಂಟೆ ಫ್ರಿಜ್ಜು. ಬಿಸಿನೀರಲ್ಲಿ ಅದ್ದಿ ಒರೆಸಿದ ಚಾಕುವಿನಿಂದ, ಕೊಯ್ಯದೆ ಮೇಲಿನಿಂದ ಕೆಳಕ್ಕೆ ಒತ್ತಿ ಕತ್ತರಿಸಿದರೆ 16 ತುಂಡು ಸರಿಯಾಗಿ ಬರುತ್ತವೆ. ಬಿಗಿ ಡಬ್ಬಿಯಲ್ಲಿ ಮೂರು ದಿನ ಹೊರಗಿರಲಿ, ಅದಾದಮೇಲೆ ಫ್ರಿಜ್ಜಿಗೆ. ಏಪ್ರಿಲ್ ಬಿಸಿಲಲ್ಲಿ ಮೊದಲ ದಿನದಿಂದಲೇ ಫ್ರಿಜ್ಜು.

• ಡಾಲರು ನಿನ್ನ ಅಡುಗೆಮನೆಗೂ ಬರುತ್ತದೆ. ಕ್ಯಾಲಿಫೋರ್ನಿಯಾ ಬಾದಾಮಿ, ಹೊರದೇಶದ ಖರ್ಜೂರ, ಕೋಕೋ, ಎಲ್ಲದರ ಬೆಲೆಯಲ್ಲೂ ಅದು ಕೂತಿದೆ. 2024ರಲ್ಲಿ ಕೋಕೋ ನ್ಯೂಯಾರ್ಕ್ ಪೇಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿದಾಗ ಬ್ರೌನಿ ಮಾರುವವರೆಲ್ಲ ಕಷ್ಟಪಟ್ಟರು. ಪುತ್ತೂರಿನಲ್ಲಿ ಕ್ಯಾಂಪ್ಕೋದವರು 1986ರಿಂದ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದ್ದಾರೆ, ಅವರ ಕೋಕೋ ಪುಡಿ ನೋಡು. ಆದರೆ ಜಗತ್ತಿನ ದರ ಏರಿದರೆ ನಮ್ಮೂರಿನದೂ ಏರುತ್ತದೆ. ಇದಕ್ಕೆ ಫ್ಯೂಚರ್ಸ್ ಬೇಕಿಲ್ಲ. ಬಾದಾಮಿ ದುಬಾರಿಯಾದರೆ ಹುರಿದ ಕಡಲೆಕಾಯಿ ಬೀಜ ಹಾಕು, ಪಟ್ಟಿಯಲ್ಲಿ ಬೆಲೆ ತಿದ್ದು.

• ಬೆಲೆ ಕಟ್ಟುವಾಗ 500 ಗ್ರಾಂ ಬೆಣ್ಣೆ ಪೊಟ್ಟಣದ ಬೆಲೆಯನ್ನು 500ರಿಂದ ಭಾಗಿಸಿ 120ರಿಂದ ಗುಣಿಸು. ಪ್ರತಿ ಸಾಮಾನಿಗೂ ಹೀಗೇ. ಕರೆಂಟು, ಡಬ್ಬಿ, ಹಾವನೂರು ಸರ್ಕಲ್ ದಾಟಿ ಹೋಗುವ ಆಟೋ, ನಿನ್ನ ಎರಡು ಗಂಟೆ, ಎಲ್ಲ ಸೇರಲಿ. ನಿನ್ನ ಕೂಲಿಯನ್ನು ಬಿಟ್ಟು ಬೆಲೆ ಹೇಳುವುದು ನಮ್ಮ ಹೆಣ್ಣುಮಕ್ಕಳು ಎಲ್ಲ ಕೆಲಸದಲ್ಲೂ ಮಾಡುವ ತಪ್ಪು, ನನಗೆ ಅದು ನೋಡಲಾಗುವುದಿಲ್ಲ.

• ಮನೆಯಿಂದ ಮಾರಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ತಯಾರಕರಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ, ಆನ್‌ಲೈನಿನಲ್ಲೇ ಆಗುತ್ತದೆ. ಆ 14 ಅಂಕಿಯ ಸಂಖ್ಯೆ, ತಯಾರಿಸಿದ ದಿನ, ಯಾವ ದಿನದೊಳಗೆ ತಿನ್ನಬೇಕು, ಏನೇನು ಹಾಕಿದೆ, ಎಲ್ಲ ಡಬ್ಬಿಯ ಮೇಲಿರಲಿ. ಗೋಧಿ, ಹಾಲು, ಕಡಲೆಕಾಯಿ ಇದ್ದರೆ ಎದ್ದು ಕಾಣುವಂತೆ ಬರೆ, ಅಲರ್ಜಿ ಇರುವ ಮಕ್ಕಳ ಪ್ರಾಣದ ಮಾತು ಅದು. ಮುಂದೆ ಮೊಟ್ಟೆ ಹಾಕಿ ಲೆಮನ್ ಬಾರ್ ಮಾಡಿದರೆ ಹಸಿರು ಚುಕ್ಕೆ ಹಾಕುವಂತಿಲ್ಲ, ಕಂದು ತ್ರಿಕೋನದ ಗುರುತೇ ಬೇಕು. ಮೊಟ್ಟೆಯ ಟಿನ್ನು, ಬೀಟರ್ ಬೇರೆ ಇಡು, ನಂಬಿ ತಿನ್ನುವ ಮನೆಗಳಿಗೆ ಕೊಡುತ್ತಿದ್ದೀಯ.

• ಕ್ರಮವಾಗಿ ಕಲಿಯಬೇಕೆಂದರೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಬೇಕರಿ ತರಬೇತಿ ಇದೆ, ವಿಚಾರಿಸು.

• ಬಾರ್ ಮಾರಿ ಬಂದ ಹಣಕ್ಕೆ ನಿನ್ನ ಹೆಸರಿನಲ್ಲೇ ಬೇರೆ ಖಾತೆ ತೆರೆ. ಅದರಿಂದ ಬೆಣ್ಣೆ ಬರಲಿ, ಟಿನ್ನು ಬರಲಿ, ಉಳಿದದ್ದು ಆರ್‌ಡಿಗೆ ಹೋಗಲಿ. ಮಾರ್ಜಿನ್‌ಗೆ ಐದು ಸಾವಿರ ಕಡಿಮೆ ಬಿದ್ದಿದೆ, ಸಂಜೆಗೆ ಕೊಟ್ಟುಬಿಡುತ್ತೇನೆ ಎಂದು ಅಳಿಯಂದಿರು ಕೇಳಿದರೆ ಕೊಡಬೇಡ. ಬೇಸರ ಮಾಡಿಕೊಂಡರೆ ದೊಡ್ಡಮ್ಮ ಬೇಡ ಅಂದಿದ್ದಾರೆ ಅನ್ನು, ಆ ಮಾತು ನನ್ನ ಮೇಲಿರಲಿ.