ಕಾಲಿನ ‘ನರ ಎಳೆತ’: ಜಗ್ಗಬೇಡಿ, ಜಾರಿಸಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಗಳಲ್ಲಿ ಕಾಲುನೋವಿಗೆಲ್ಲ ‘ನರ ಎಳೆಯುತ್ತದೆ’ ಎನ್ನುವುದು ವಾಡಿಕೆ. ಮೀನಖಂಡದಲ್ಲಿ ಉಬ್ಬಿದ ನೀಲಿ ರಕ್ತನಾಳವೂ ನರವೇ, ಹಿಮ್ಮಡಿಯ ಸ್ನಾಯುರಜ್ಜುವೂ ನರವೇ! ಆದರೆ ಮೊರವನ್ನು ಮಡಿಲಲ್ಲಿಟ್ಟು ಗಂಟೆಗಟ್ಟಲೆ ಬೆನ್ನು ಬಾಗಿಸಿ ಬೀಡಿ ಕಟ್ಟುವವರಿಗೆ, ಅಡಿಕೆ ತೋಟದಲ್ಲಿ ಬಗ್ಗಿ ಹೊರೆ ಎತ್ತುವವರಿಗೆ ಸೊಂಟದಿಂದ ಹೊರಟು ತೊಡೆಯ ಹಿಂಭಾಗದಲ್ಲಿ ಪಾದದವರೆಗೆ ಇಳಿಯುವ ಸೆಳೆತವಿದ್ದರೆ, ಅದು ನಿಜಕ್ಕೂ ನರದ್ದಿರಬಹುದು. ಇದೇ ಸಯಾಟಿಕಾ.

ಸಯಾಟಿಕ್ ನರ ದೇಹದಲ್ಲೇ ಅತಿ ದಪ್ಪನೆಯದು, ಹೆಚ್ಚುಕಡಿಮೆ ಹೆಬ್ಬೆರಳಿನಷ್ಟು. ಅದು ಬಿಗಿದು ಕಟ್ಟಿದ ಹಗ್ಗವಲ್ಲ. ನಾವು ಬಗ್ಗಿದಾಗ, ಕಾಲು ನೀಡಿದಾಗ ಅದು ಸೈಕಲ್ಲಿನ ಬ್ರೇಕ್ ತಂತಿ ಕವಚದೊಳಗೆ ಸರಿದಾಡುವಂತೆ ಸ್ನಾಯುಗಳ ನಡುವೆ ಜಾರುತ್ತದೆ. ಡಿಸ್ಕ್ ಉಬ್ಬಿ ನರದ ಬೇರು ಕೆರಳಿದಾಗ ಈ ಜಾರುವಿಕೆಯೇ ನೋವಾಗುತ್ತದೆ. ಆಗ ತೊಡೆಯ ಹಿಂದಿನ ಸ್ನಾಯು ತಾನಾಗಿ ಬಿಗಿದು ನರಕ್ಕೆ ಕಾವಲು ನಿಲ್ಲುತ್ತದೆ. ಸ್ನಾಯು ಗಿಡ್ಡವಾಗಿದೆಯೆಂದು ತಿಳಿದು ಜಗ್ಗಿದರೆ ನೋವು ಏರುವುದು ಇದರಿಂದಲೇ.

ತಿಳಿಯುವುದು ಹೇಗೆ? ಬೆನ್ನು ಬಾಗಿಸಿ, ಗಲ್ಲವನ್ನು ಎದೆಗೆ ತಾಗಿಸಿ ಕುಳಿತು ಕಾಲನ್ನು ನಿಧಾನವಾಗಿ ನೀಡಿ. ಸೆಳೆತ ಬಂದಲ್ಲಿ ನಿಂತು ತಲೆಯನ್ನಷ್ಟೇ ಮೇಲೆತ್ತಿ. ಸೆಳೆತ ಇಳಿಯಿತೇ? ಹಾಗಾದರೆ ನರದ ಮೇಲೆ ಅನುಮಾನ ಪಡಬೇಕು. ತೊಡೆಯ ಸ್ನಾಯು ಕುತ್ತಿಗೆಯವರೆಗೆ ಹೋಗುವುದಿಲ್ಲ, ನರಮಂಡಲ ಹೋಗುತ್ತದೆ.

ನರಕ್ಕೂ ರಕ್ತ ಬೇಕು. 1973ರಲ್ಲಿ ಸ್ವೀಡನ್ನಿನ ಲುಂಡ್‌ಬೋರ್ಗ್ ಮತ್ತು ರಿಡೆವಿಕ್ ಮೊಲಗಳ ನರವನ್ನು ಎಳೆದು ನೋಡಿದರು. ಶೇಕಡಾ 8ರಷ್ಟು ಉದ್ದವಾದಾಗ ರಕ್ತಸಂಚಾರ ಕುಂಠಿತವಾಯಿತು, 15ರ ಹೊತ್ತಿಗೆ ನಿಂತೇ ಹೋಯಿತು. ಹಾಗಾಗಿ ನೋವಿರುವ ನರವನ್ನು ಎರಡೂ ತುದಿಯಿಂದ ಎಳೆದು ಹಿಡಿಯುವುದು ಬೇಡ. ಒಂದು ತುದಿ ಬಿಗಿಯುವಾಗ ಇನ್ನೊಂದನ್ನು ಸಡಿಲಿಸಿದರೆ ನರ ಹೆಚ್ಚು ಜಾರುತ್ತದೆ, ಕಡಿಮೆ ಎಳೆಯಲ್ಪಡುತ್ತದೆ.

ಕುರ್ಚಿಯಲ್ಲಿ ಕುಳಿತು ಕಾಲು ನೀಡುತ್ತಾ ಮುಖವನ್ನು ಮೇಲೆತ್ತಿ. ಮಂಡಿ ಮಡಚುತ್ತಾ ಗಲ್ಲವನ್ನು ಎದೆಗೆ ತನ್ನಿ. ಹೀಗೆ ಹತ್ತು ಬಾರಿ, ದಿನಕ್ಕೆರಡು ಸಲ ಸಾಕು. ಜುಮುಗುಡುವ ಮೊದಲೇ ನಿಲ್ಲಿಸಿ. ಕೆಲವರಿಗೆ ಕೂಡಲೇ ಕಾಲು ಹಗುರವಾಗುತ್ತದೆ. ಸ್ನಾಯು ಉದ್ದವಾಯಿತೆಂದಲ್ಲ, ಕಾವಲು ಸಡಿಲಿಸಿತು ಅಷ್ಟೇ. ಡಿಸ್ಕನ್ನು ಇದು ಸ್ವಸ್ಥಾನಕ್ಕೆ ಕೂರಿಸುವುದಿಲ್ಲ. ಬೀಡಿ ಕಟ್ಟುವವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದೂ ಅಷ್ಟೇ ಮುಖ್ಯ.

ಎರಡೂ ಪಾದ ಉರಿಯುವ ಮಧುಮೇಹಿಗಳಿಗೆ ಇದು ಮದ್ದಲ್ಲ, ಅವರು ಮೊದಲು ಸಕ್ಕರೆ ಪರೀಕ್ಷಿಸಿಕೊಳ್ಳಲಿ. ಪಾದ ಎತ್ತಲಾಗದೆ ಚಪ್ಪಲಿ ಜಾರುತ್ತಿದ್ದರೆ, ಗುಪ್ತಾಂಗದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ ವ್ಯಾಯಾಮ, ಎಣ್ಣೆ, ಉಜ್ಜುವಿಕೆ ಯಾವುದನ್ನೂ ಮಾಡಬೇಡಿ. ಅದೇ ದಿನ ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೆ ಹೋಗಿ.